ನಡುವಿಗೊಂದು ಪಟ್ಟಿ

ಉಡುಗೆತೊಡುಗೆಯ ಮಾತನ್ನು ನೀತಿಯ ಜಿಜ್ಞಾಸೆಗೆ ಎಳೆದು ತರುವುದು ಕೆಲವರಿಗೆ ಅತಿಯೆನಿಸಬಹುದು. ಸತ್ಯ, ಅಹಿಂಸೆ, ದಾನ, ತ್ಯಾಗ, ಇವು ನೀತಿಯ ವಿಷಯಗಳು. ರವಿಕೆಯ ತೋಳು ಎಷ್ಟು ಉದ್ದವಿರಬೇಕು, ಅಂಗಿ ಎಷ್ಟು ಸಡಿಲವಿರಬೇಕು ಎಂಬುವು ಟೈಲರ್ ಅಂಗಡಿಯ ವಿಷಯಗಳು ಎಂದು ನಾವು ವಿಂಗಡಿಸಿಕೊಂಡುಬಿಟ್ಟಿದ್ದೇವೆ. ಆದರೆ ಸ್ವಲ್ಪ ಯೋಚಿಸಿ ನೋಡಿದರೆ, ನಾವು ಒಬ್ಬರನ್ನೊಬ್ಬರು ನೋಯಿಸುವ ಸಂದರ್ಭಗಳಲ್ಲಿ ಹೆಚ್ಚಿನವು ಇಂಥ ಸಣ್ಣ ಜಾಗಗಳಲ್ಲೇ ಒದಗುತ್ತವೆ: ಕನ್ನಡಿಯ ಮುಂದೆ, ಬಟ್ಟೆಯ ಅಂಗಡಿಯಲ್ಲಿ, ಮದುವೆಯ ಮನೆಯ ಬಾಗಿಲಲ್ಲಿ. ಅಲ್ಲಿ ಆಡಿದ ಒಂದು ಮಾತನ್ನು ಆಡಿದವರು ಸಂಜೆಯೊಳಗೆ ಮರೆತಿರುತ್ತಾರೆ. ಕೇಳಿಸಿಕೊಂಡವರು ಇಪ್ಪತ್ತು ವರ್ಷ ಮರೆತಿರುವುದಿಲ್ಲ. ಆದ್ದರಿಂದ ಇಂದು ಒಂದು ಸಣ್ಣ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ. ಮೈತುಂಬಿಕೊಂಡಿರುವ ಹೆಂಗಸು ತನ್ನ ಅಂಗಿಯ ಮೇಲೆ, ನಡುವಿಗೆ, ಒಂದು ಬೆಲ್ಟು ಕಟ್ಟಿಕೊಳ್ಳಬಹುದೆ?

ಪ್ರಶ್ನೆಯ ಹಿನ್ನೆಲೆಯನ್ನು ತಿಳಿಸಬೇಕು. ನಮ್ಮ ಊರುಗಳಲ್ಲಿ ಕೆಲಸಕ್ಕೆ ಹೋಗುವ ಹುಡುಗಿಯರು ಪ್ಯಾಂಟಿನ ಮೇಲೆ ತೊಡುವ ಅಂಗಿಗೆ ಟಾಪು ಎಂದು ಹೆಸರು. ಅದರ ಮೇಲೆ ನಡುವಿನ ಸುತ್ತ ಬೆಲ್ಟು ಬಿಗಿಯುವುದು ಒಂದು ರೂಢಿ. ಈಚೆಗೆ ಸೀರೆಯ ಮೇಲೂ ಬೆಲ್ಟು ಬಂದಿದೆ. ಗಂಡಸರ ಬೆಲ್ಟಿಗೆ ಪ್ಯಾಂಟು ಜಾರದಂತೆ ಹಿಡಿಯುವ ಉದ್ಯೋಗವಾದರೂ ಉಂಟು; ಇದಕ್ಕೆ ಅದೂ ಇಲ್ಲ. ಟಾಪಿನ ಮೇಲೆ ಕುಳಿತು, 'ಈ ದೇಹಕ್ಕೆ ನಡುವೆಂಬುದು ಇಲ್ಲಿದೆ' ಎಂದು ಹೇಳುವುದಷ್ಟೇ ಅದರ ಕೆಲಸ. ತೆಳ್ಳಗಿನ ಹುಡುಗಿ ಇದನ್ನು ಕಟ್ಟಿಕೊಂಡರೆ ಯಾರೂ ಏನೂ ಕೇಳುವುದಿಲ್ಲ. ದಪ್ಪಗಿರುವವಳು ಕಟ್ಟಿಕೊಂಡಾಗ ಮಾತ್ರ 'ಇವಳಿಗೇಕೆ?' ಎಂಬ ಪ್ರಶ್ನೆ ಏಳುತ್ತದೆ. ಒಂದೇ ವಸ್ತುವನ್ನು ಒಬ್ಬಳು ಕೇಳದೆ ತೊಡಬಹುದು, ಇನ್ನೊಬ್ಬಳು ಅಪ್ಪಣೆ ಪಡೆದು ತೊಡಬೇಕು ಎಂದಾದ ಮೇಲೆ, ವಿಷಯ ಅಲಂಕಾರವನ್ನು ದಾಟಿ ನ್ಯಾಯದ ಅಂಗಳಕ್ಕೆ ಬಂತೆಂದೇ ಅರ್ಥ.

ನನ್ನ ಅಕ್ಕನ ಮಗಳು ಬೆಂಗಳೂರಿನ ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದಾಳೆ. ನಮ್ಮ ಮನೆಯ ಹೆಂಗಸರ ಮೈಕಟ್ಟೇ ಅವಳದೂ, ನನ್ನದೂ ಅದೇ. ಮೇಲೂ ಕೆಳಗೂ ತುಂಬಿದ ಮೈ, ನಡುವೆ ಸ್ವಲ್ಪ ಒಳಸರಿದ ಸೊಂಟ. ಇಂಗ್ಲಿಷಿನವರು ಇದನ್ನು ಮರಳುಗಡಿಯಾರಕ್ಕೆ ಹೋಲಿಸುತ್ತಾರೆ; ಮರಳುಗಡಿಯಾರವನ್ನು ಕಾಣದ ನಾವು ಬುಡುಬುಡಿಕೆಗೆ ಹೋಲಿಸಿಕೊಳ್ಳಬಹುದು. ಎರಡು ವರ್ಷಗಳಿಂದ ನಮ್ಮ ಮನೆಗಳ ಯಾವ ಮದುವೆಯ ಫೋಟೋದಲ್ಲೂ ಆ ಹುಡುಗಿ ಸರಿಯಾಗಿ ಕಾಣುವುದಿಲ್ಲ. ಕಂಡರೂ ಯಾರದೋ ಬೆನ್ನ ಹಿಂದೆ ಅರ್ಧ ಮುಖ. ಮೊನ್ನೆ ಹಬ್ಬಕ್ಕೆ ಬಂದವಳು ಒಂದು ಟಾಪು ತೊಟ್ಟು, ಮೇಲೊಂದು ಕಂದುಬಣ್ಣದ ಬೆಲ್ಟು ಕಟ್ಟಿಕೊಂಡು ನಡುಮನೆಗೆ ಬಂದಳು. ಅಕ್ಕ ನೋಡಿದವಳೇ, "ಇರೋದನ್ನ ಎತ್ತಿ ತೋರಿಸಬೇಕೇನೆ? ಬಿಚ್ಚಿಟ್ಟು ಮೇಲೊಂದು ವೇಲು ಹಾಕ್ಕೊ" ಎಂದಳು. ಅದರಲ್ಲಿ ಕೋಪವೇನೂ ಇರಲಿಲ್ಲ. ಮಗಳನ್ನು ನಾಲ್ಕು ಜನ ಆಡಿಕೊಳ್ಳಬಾರದು ಎಂಬ ತಾಯಿಯ ಆತಂಕ ಇತ್ತು. ಹುಡುಗಿ ನನ್ನ ಕಡೆ ತಿರುಗಿ, "ನೀವೇ ಹೇಳಿ ಚಿಕ್ಕಮ್ಮ" ಎಂದಳು. ನಾನು "ಚೆನ್ನಾಗಿದೆ, ಬಿಚ್ಚಬೇಡ" ಎಂದೆ. ಹೇಳುವುದು ಸುಲಭವಾಗಿತ್ತು. ಏಕೆ ಬಿಚ್ಚಬಾರದು ಎಂಬುದಕ್ಕೆ ಕಾರಣ ಕೊಡುವುದು ಅಷ್ಟು ಸುಲಭವಲ್ಲ. ಈ ಲೇಖನ ಆ ಕಾರಣದ ಹುಡುಕಾಟ.

ಮೊದಲು ಬಟ್ಟೆಯ ಸ್ವಭಾವವನ್ನೇ ನೋಡೋಣ. ಸಡಿಲವಾದ ಅಂಗಿ ಮೈಯ ಅತ್ಯಂತ ಮುಂಚಾಚಿದ ಭಾಗದಿಂದ ನೇರವಾಗಿ ಕೆಳಕ್ಕೆ ಇಳಿಯುತ್ತದೆ. ತುಂಬಿದೆದೆಯವಳು ಅದನ್ನು ತೊಟ್ಟರೆ, ಎದೆಯ ಅಗಲವೇ ಇಡೀ ದೇಹದ ಅಗಲವೆಂಬಂತೆ ಕಾಣುತ್ತದೆ. ಇರುವ ನಡು ಬಟ್ಟೆಯ ಗುಡಾರದೊಳಗೆ ಕಳೆದುಹೋಗುತ್ತದೆ. ಹೀಗೆ, ದಪ್ಪವನ್ನು ಮುಚ್ಚಲೆಂದು ಹೊದೆದ ಬಟ್ಟೆ ದಪ್ಪವನ್ನು ಹೆಚ್ಚಿಸಿ ಹೇಳುತ್ತದೆ. ಬೆಲ್ಟು ಆ ಉತ್ಪ್ರೇಕ್ಷೆಯನ್ನು ತಿದ್ದುತ್ತದೆ. ಇಲ್ಲದ ನಡುವನ್ನು ಅದು ಉಂಟುಮಾಡಲಾರದು. ಇರುವುದನ್ನು ಇದ್ದ ಕಡೆಯಲ್ಲಿ ತೋರಿಸುತ್ತದೆ. ಸತ್ಯವೆಂಬ ದೊಡ್ಡ ಮಾತನ್ನು ಇಷ್ಟು ಸಣ್ಣ ವಿಷಯಕ್ಕೆ ಬಳಸಬಹುದಾದರೆ, ಇಲ್ಲಿ ಮುಚ್ಚುವುದಕ್ಕಿಂತ ಕಟ್ಟುವುದೇ ಸತ್ಯಕ್ಕೆ ಹತ್ತಿರ.

ಕಟ್ಟುವುದಕ್ಕೂ ಒಂದು ವಿವೇಕವಿದೆ. ಪಕ್ಕೆಲುಬು ಮುಗಿದು ಹೊಕ್ಕುಳಿಗೆ ಸ್ವಲ್ಪ ಮೇಲೆ ಮೈ ತಾನಾಗಿ ಒಳಸರಿಯುವ ಜಾಗವೇ ಅದರ ಜಾಗ. ಪಕ್ಕಕ್ಕೆ ಒಮ್ಮೆ ಬಾಗಿದರೆ ಮಡಿಕೆ ಬೀಳುವ ಕಡೆ ಅದು ಸಿಕ್ಕುತ್ತದೆ. ಬೆಲ್ಟು ದಾರದಷ್ಟು ಸಣ್ಣದಾದರೆ ಮಾಂಸದೊಳಗೆ ಹೂತು ಮೇಲೂ ಕೆಳಗೂ ಉಬ್ಬನ್ನು ಎಬ್ಬಿಸುತ್ತದೆ; ತೀರ ಅಗಲವಾದರೆ, ಎದೆಗೂ ಸೊಂಟಕ್ಕೂ ನಡುವೆ ಇರುವ ಗೇಣು ಜಾಗವನ್ನು ತಾನೇ ನುಂಗಿ, ಕುಳಿತಾಗ ಪಕ್ಕೆಗೆ ತಿವಿಯುತ್ತದೆ. ಎರಡು ಬೆರಳಿನಿಂದ ಮೂರು ಬೆರಳಿನ ಅಗಲ, ಮೆತ್ತಗಿನ ಚರ್ಮ ಇಲ್ಲವೆ ಹಿಗ್ಗುವ ಪಟ್ಟಿ, ಒಳಗೆ ಎರಡು ಬೆರಳು ತೂರುವಷ್ಟು ಸಡಿಲ. ಅಂಗಿಯ ಬಟ್ಟೆ ತೆಳುವಾಗಿದ್ದರೆ ನೆರಿಗೆ ಗುಡ್ಡೆಯಾಗದೆ ಒಪ್ಪವಾಗಿ ಕೂರುತ್ತದೆ. ಅಂಗಿಯದೇ ಬಣ್ಣದ ಬೆಲ್ಟು ಮೆಲ್ಲಗೆ ಮಾತಾಡುತ್ತದೆ. ಬೇರೆ ಬಣ್ಣದ್ದು ಗಟ್ಟಿಯಾಗಿ ಮಾತಾಡುತ್ತದೆ. ಯಾವುದು ಬೇಕೆಂಬುದು ಆಯಾ ದಿನದ ಧೈರ್ಯಕ್ಕೆ ಬಿಟ್ಟದ್ದು.

ಇನ್ನು ಆಕ್ಷೇಪಗಳು. ಅಕ್ಕನ ಆಕ್ಷೇಪ ಮರ್ಯಾದೆಯದು, ಅದು ಲಘುವಾದುದಲ್ಲ. ಹೆಂಗಸು ತನ್ನ ಮೈಯನ್ನು ಎತ್ತಿ ತೋರಿಸಬಾರದು ಎಂಬ ಭಾವನೆ ನಮ್ಮಲ್ಲಿ ಬೇರುಬಿಟ್ಟಿದೆ. ಆದರೆ ಇದು ನಿಜವಾಗಿ ಮರ್ಯಾದೆಯ ಪ್ರಶ್ನೆಯಾಗಿದ್ದರೆ ತೆಳ್ಳಗಿನವಳಿಗೂ ಅನ್ವಯಿಸಬೇಕಾಗಿತ್ತು. ಅವಳ ಬೆಲ್ಟಿಗೆ ಒಪ್ಪಿಗೆ, ಇವಳ ಬೆಲ್ಟಿಗೆ ಆಕ್ಷೇಪ ಎಂದರೆ, ಮುಚ್ಚಬೇಕೆಂದು ನಾವು ಹೇಳುತ್ತಿರುವುದು ಮೈಯನ್ನಲ್ಲ, ದಪ್ಪವನ್ನು. ಸಂಸ್ಕೃತದಲ್ಲಿ ಮರ್ಯಾದೆಯೆಂದರೆ ಎಲ್ಲೆ, ಗಡಿ. ಸಭ್ಯತೆಗೆ ಒಂದು ಎಲ್ಲೆ ಇರಲಿ. ಅದು ಎಲ್ಲ ಮೈಗಳಿಗೂ ಒಂದೇ ಆಗಿರಲಿ. ದಪ್ಪಗಿರುವವಳು ಆ ಎಲ್ಲೆಯೊಳಗೆ ನಿಂತ ಮೇಲೂ, ತಾನು ಇಷ್ಟು ಜಾಗ ಹಿಡಿದದ್ದಕ್ಕೆ ಬಟ್ಟೆಯ ಮೂಲಕ ಕ್ಷಮೆ ಕೇಳುತ್ತಿರಬೇಕು ಎಂಬುದು ಯಾವ ಸಭ್ಯತೆ? ನಾಚಿಕೆ ಬೇರೆ, ಕೀಳರಿಮೆ ಬೇರೆ. ಮೊದಲನೆಯದು ಒಳಗಿನಿಂದ ಬರುತ್ತದೆ. ಎರಡನೆಯದನ್ನು ಬೇರೆಯವರು ತಂದು ಹೊದಿಸುತ್ತಾರೆ.

ಗಂಡಸರ ವಿಷಯದಲ್ಲಿ ನಮಗೆ ಈ ಸಂಕಟವೇ ಇಲ್ಲ ಎಂಬುದನ್ನೂ ಗಮನಿಸಬೇಕು. ಬೊಜ್ಜು ಮುಂದಾಗಿ, ಅದರ ಕೆಳಗೆಲ್ಲೋ ಬೆಲ್ಟು ಬಿಗಿದುಕೊಂಡು ಸಭೆಗೆ ಬರುವ ಮಹನೀಯರನ್ನು ನೋಡಿ, ಇವರು ಬೆಲ್ಟು ಕಟ್ಟಿಕೊಳ್ಳಬಹುದೆ ಎಂದು ಯಾರೂ ಚರ್ಚಿಸಿದ್ದನ್ನು ನಾನು ಕೇಳಿಲ್ಲ. ಅವರ ಹೊಟ್ಟೆಗೆ ಸಮೃದ್ಧಿಯೆಂದು ಹೆಸರು. ಅಮರಕೋಶವು ಹೆಂಗಸಿನ ನಡುವಿನ ಒಡವೆಗೆ ಮೇಖಲಾ, ಕಾಂಚೀ, ಸಪ್ತಕೀ, ರಶನಾ, ಸಾರಸನ ಎಂದು ಐದು ಹೆಸರು ಕೊಟ್ಟು, ಗಂಡಸಿನದಕ್ಕೆ ಶೃಂಖಲ ಎಂಬ ಒಂದನ್ನೇ ಕೊಟ್ಟು ಮುಗಿಸುತ್ತದೆ. ಐದು ಹೆಸರಿನ ಒಡೆತನ ಇದ್ದವಳು ಇಂದು ಒಂದು ಪಟ್ಟಿಗೆ ಅಪ್ಪಣೆ ಬೇಡುವಂತಾದದ್ದು ವಿಚಿತ್ರವೇ ಸರಿ.

ಹಿಂದಿನವರ ಕಣ್ಣು ಹೇಗಿತ್ತು? ಇಲ್ಲಿ ಕವಿಗಳನ್ನು ಪೂರ್ತಿ ನಂಬುವಂತಿಲ್ಲ. ಅವರಿಗೆ ನಡು ಎಷ್ಟು ಸಣ್ಣದಾದರೂ ಸಾಲದು. ಉಂಟೋ ಇಲ್ಲವೋ ಎಂದು ಸಂದೇಹಪಡುವಷ್ಟು ಸಣ್ಣದಾಗಬೇಕು. ಕನ್ನಡದಲ್ಲಿ ಅದಕ್ಕೆ 'ಬಡನಡು' ಎಂಬ ಮಾತೇ ಇದೆ. ಸಂಸ್ಕೃತದಲ್ಲಿ 'ತನುಮಧ್ಯಾ' ಎಂಬುದು ಒಂದು ಛಂದಸ್ಸಿನ ಹೆಸರೂ ಹೌದು. ಆದರೆ ಆ ಬಡತನವನ್ನು ಅವರು ನಡುವೊಂದಕ್ಕೇ ವಿಧಿಸಿದರು. ಮೇಲೂ ಕೆಳಗೂ ಸಮೃದ್ಧಿಯೇ. ಹೊಟ್ಟೆಯ ಮೇಲಿನ ಮೂರು ಮಡಿಕೆಗಳಿಗೆ 'ತ್ರಿವಳಿ' ಎಂದು ಹೆಸರಿಟ್ಟು ಅದನ್ನು ಚೆಲುವಿನ ಲಕ್ಷಣಗಳಲ್ಲಿ ಎಣಿಸಿದರು. ಇಂದು ಅದೇ ಮಡಿಕೆಗೆ ನಮ್ಮ ಹುಡುಗರು ಟೈರು ಎನ್ನುತ್ತಾರೆ. ಮಡಿಕೆ ಬದಲಾಗಿಲ್ಲ, ನಾಲಗೆ ಬದಲಾಗಿದೆ.

ಶಿಲ್ಪಿಗಳು ಕವಿಗಳಿಗಿಂತ ವಿವೇಕಿಗಳು. ಕಲ್ಲಿನಲ್ಲಿ ಇಲ್ಲದ ನಡುವನ್ನು ಕಡೆಯುವಂತಿಲ್ಲವಲ್ಲ! 1917ರಲ್ಲಿ ಪಟ್ನಾದ ಬಳಿಯ ದೀದಾರ್‌ಗಂಜಿನಲ್ಲಿ, ಗಂಗೆಯ ದಡದಲ್ಲಿ ಸಿಕ್ಕಿದ ಯಕ್ಷಿಯ ವಿಗ್ರಹ ಈಗ ಅಲ್ಲಿಯ ಬಿಹಾರ ವಸ್ತುಸಂಗ್ರಹಾಲಯದಲ್ಲಿದೆ. ಹೊಳಪು ಕೊಟ್ಟ ಮರಳುಗಲ್ಲಿನ, ಕೈಯಲ್ಲಿ ಚಾಮರ ಹಿಡಿದು ನಿಂತ ಹೆಂಗಸು, ಆಳೆತ್ತರದ, ತುಂಬುಮೈಯವಳು. ಸೊಂಟದ ಸುತ್ತ ಹಲವು ಎಳೆಗಳ ಮೇಖಲೆ. ಅದನ್ನು ಕಡೆದವನು ಇವಳ ದಪ್ಪವನ್ನು ಎಲ್ಲಿ ಅಡಗಿಸಲಿ ಎಂದು ಯೋಚಿಸಿದಂತೆ ಕಾಣುವುದಿಲ್ಲ. ನಮ್ಮ ಬೇಲೂರಿಗೆ ಬಂದರೂ ಇದೇ ಮಾತು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಮದನಿಕೆಯರ ನಡುವನ್ನು ಎಳೆಎಳೆಯಾಗಿ ಕಡೆದ ಪಟ್ಟಿಗಳು ಬಳಸಿವೆ. ಅವರಲ್ಲಿ ಯಾರನ್ನಾದರೂ ಇಂದು ಬೆಂಗಳೂರಿನ ಒಂದು ಸಿದ್ಧ ಉಡುಪಿನ ಅಂಗಡಿಗೆ ಕರೆದುಕೊಂಡು ಹೋದರೆ, "ನಿಮ್ಮ ಸೈಜ್ ಇಲ್ಲ ಮೇಡಂ" ಎಂಬ ಉತ್ತರ ಬರುವುದು ಬಹುಮಟ್ಟಿಗೆ ಖಂಡಿತ.

ದೇವಾಲಯದ ಗೋಡೆಯವರೆಗೂ ಹೋಗಬೇಕಾಗಿಲ್ಲ. ಹಿಂದೆ ಉಳ್ಳವರ ಮನೆಗಳಲ್ಲಿ ಮದುಮಗಳಿಗೆ ಹಾಕುತ್ತಿದ್ದ ಡಾಬು, ಒಡ್ಯಾಣಗಳು ತೆಳ್ಳಗಿನವರಿಗೆಂದು ಮೀಸಲಾಗಿರಲಿಲ್ಲ. ನಾಲ್ಕು ಹೆತ್ತ ಗೃಹಿಣಿಯೂ ಹಬ್ಬದ ದಿನ ಪೆಟ್ಟಿಗೆಯಿಂದ ತೆಗೆದು ಹಾಕಿಕೊಳ್ಳುತ್ತಿದ್ದಳು. ಅದು ಅವಳ ಆಸ್ತಿ, ಅವಳ ಅಂತಸ್ತು, ಕಷ್ಟಕಾಲಕ್ಕೆ ಅವಳ ಬೆಂಬಲ. ಮಗುವಿಗೆ ಉಡಿದಾರ ಕಟ್ಟುವಾಗ ಮಗು ದುಂಡಗಿದ್ದಷ್ಟೂ ನಮಗೆ ಸಂತೋಷ. ಇನ್ನು ಒಡವೆಯೇ ಇಲ್ಲದ ಹೆಂಗಸರು? ಗದ್ದೆಯಲ್ಲಿ ನಾಟಿಗೆ ಇಳಿಯುವವಳು, ಹಬ್ಬದಡುಗೆಗೆ ನಿಲ್ಲುವವಳು ಸೆರಗನ್ನು ಸೊಂಟದ ಸುತ್ತ ಬಿಗಿದು ಸಿಕ್ಕಿಸಿಕೊಳ್ಳುತ್ತಾಳೆ. ಅವಳ ಬೆಲ್ಟು ಅದೇ. ಯಾವುದಾದರೂ ಕಾರ್ಯಕ್ಕೆ ಮನಸ್ಸು ಗಟ್ಟಿಮಾಡಿದವರನ್ನು ನಾವು 'ಟೊಂಕ ಕಟ್ಟಿ ನಿಂತರು' ಎನ್ನುತ್ತೇವೆ. ನಮ್ಮ ಭಾಷೆಯಲ್ಲಿ ನಡುವೆಂದರೆ ಸೊಂಟವೂ ಹೌದು, ಮಧ್ಯವೂ ಹೌದು. ನಡು ಕಟ್ಟಿಕೊಳ್ಳುವುದೆಂದರೆ ತನ್ನ ಮಧ್ಯವನ್ನು ತಾನು ಕಂಡುಕೊಳ್ಳುವುದು ಎಂಬ ಅರ್ಥಕ್ಕೂ ಈ ಮಾತಿನಲ್ಲಿ ಎಡೆಯಿದೆ.

ಇನ್ನೊಂದು ಆಕ್ಷೇಪ ವೈರಾಗ್ಯದ ಕಡೆಯಿಂದ ಬರುತ್ತದೆ. ನಶ್ವರವಾದ ಈ ದೇಹದ ಸೊಂಟವೆಲ್ಲಿದ್ದರೇನು, ಅದಕ್ಕೆ ಪಟ್ಟಿ ಕಟ್ಟಿದರೇನು, ಬಿಟ್ಟರೇನು? ಓದುಬರಹ ಬಲ್ಲ ಹುಡುಗಿ ಇಷ್ಟಕ್ಕೆ ಮನಸ್ಸು ಕೆಡಿಸಿಕೊಳ್ಳಬೇಕೆ? ಈ ಮಾತಿಗೆ ನನ್ನ ಗೌರವವಿದೆ. ಆದರೆ ಹೇಳುವವರು ಯಾರು ಎಂದು ನೋಡಬೇಕಾಗುತ್ತದೆ. ಅಕ್ಕಮಹಾದೇವಿ ಉಡುಗೆಯನ್ನೇ ತೊರೆದು ನಡೆದಳು ಎಂದು ಪರಂಪರೆ ಹೇಳುತ್ತದೆ. ನೋಡುವವರ ಕಣ್ಣು ಅವಳನ್ನು ಮುಟ್ಟಲಿಲ್ಲ. ಅಂಥವರಿಗೆ ಬೆಲ್ಟಿನ ಪ್ರಶ್ನೆಯೇ ಇಲ್ಲ. ನಾವು ಸಾಮಾನ್ಯರು, ನಾಲ್ವರ ನಡುವೆ ಬದುಕುವವರು. ನಮಗೆ ದೇಹದ ಚಿಂತೆ ಬಿಡಬೇಕಾದರೆ ಮೊದಲು ಅದರೊಡನೆ ರಾಜಿಯಾಗಬೇಕು. ಫೋಟೋದಲ್ಲಿ ಬೆನ್ನ ಹಿಂದೆ ಅವಿತುಕೊಳ್ಳುವ ಹುಡುಗಿ ದೇಹವನ್ನು ಮರೆತವಳಲ್ಲ. ಇಪ್ಪತ್ತನಾಲ್ಕು ಗಂಟೆಯೂ ಅದನ್ನೇ ನೆನೆಯುತ್ತಿರುವವಳು. ಬೆಲ್ಟು ಕಟ್ಟಿ ಮುಂದಿನ ಸಾಲಿನಲ್ಲಿ ನಿಂತು ಆಮೇಲೆ ಅದನ್ನು ಮರೆತು ಊಟಕ್ಕೆ ಹೋಗುವವಳೇ ವೈರಾಗ್ಯಕ್ಕೆ ಒಂದು ಹೆಜ್ಜೆ ಹತ್ತಿರವಿದ್ದಾಳೆ.

ಹಾಗೆಂದು ಬೆಲ್ಟಿನ ಪಕ್ಷವನ್ನು ಕಣ್ಣುಮುಚ್ಚಿ ವಹಿಸುವಂತಿಲ್ಲ. ನಡು ಕಟ್ಟುವ ಚರಿತ್ರೆಯಲ್ಲಿ ಹಿಂಸೆಯ ಅಧ್ಯಾಯವೂ ಇದೆ. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಹೆಂಗಸರು, ತಿಮಿಂಗಿಲದ ಬಾಯೊಳಗಿನ ಬಾಗುವ ಪಟ್ಟಿಗಳನ್ನೂ ಉಕ್ಕಿನ ಪಟ್ಟಿಗಳನ್ನೂ ಹೊಲಿದ ಕಾರ್ಸೆಟ್ಟನ್ನು ಬಿಗಿದುಕೊಂಡು ಉಸಿರಿಗೆ ಒದ್ದಾಡುತ್ತಿದ್ದರು. ಮುಂದೆ 1920ರ ದಶಕದಲ್ಲಿ ಅಲ್ಲಿಯ ಉಡುಪಿನ ನಡು ನಿತಂಬದವರೆಗೆ ಇಳಿಯಿತು; ಮರಳುಗಡಿಯಾರದ ಮೈಯವರು ಹಳಬರೆನಿಸಿದರು. 1947ರ ಫೆಬ್ರವರಿ 12ರಂದು ಪ್ಯಾರಿಸಿನಲ್ಲಿ ಕ್ರಿಶ್ಚನ್ ಡಿಯೋರ್ ತನ್ನ ಉಡುಪುಗಳನ್ನು ತೋರಿಸಿದಾಗ ಹಿಡಿನಡು ಮತ್ತೆ ಬಂತು. ಹತ್ತು ವರ್ಷ ಕಳೆದು, 1957ರಲ್ಲಿ, ಬಾಲೆನ್ಸಿಯಾಗ ಚೀಲದಂಥ ಉಡುಪನ್ನು ತಂದಾಗ ನಡುವೇ ಮಾಯವಾಯಿತು. ಮೂವತ್ತು ನಲವತ್ತು ವರ್ಷಗಳಲ್ಲಿ ನಡು ಇಳಿಯಿತು, ಏರಿತು, ಇಲ್ಲವಾಯಿತು. ಹೆಂಗಸಿನ ಎಲುಬು ಮಾತ್ರ ಇದ್ದಲ್ಲೇ ಇತ್ತು. ಜಪಾನಿನಲ್ಲಿ ಮತ್ತೂ ಸ್ವಾರಸ್ಯ. ಅವರ ಕಿಮೋನೋದ ಮೇಲೆ 'ಓಬಿ' ಎಂಬ ಅಗಲವಾದ ನಡುಪಟ್ಟಿ ಸುತ್ತುತ್ತಾರೆ. ಮೈ ಕೊಳವೆಯಂತೆ ನೇರವಾಗಿ ಕಾಣುವುದೇ ಅಲ್ಲಿ ಅಂದ. ಆದ್ದರಿಂದ ನಡು ಒಳಸರಿದಿದ್ದರೆ ಟವೆಲುಗಳನ್ನು ಸುತ್ತಿ ಅದನ್ನು ತುಂಬಿಸಿ ಸಮಮಾಡುತ್ತಾರೆ. ಪ್ಯಾರಿಸಿನವಳು ಬಯಸಿ ಕೊರಗಿದ ನಡುವನ್ನು ಕ್ಯೋಟೋದವಳು ಟವೆಲಿನಲ್ಲಿ ಮುಚ್ಚುತ್ತಾಳೆ. ಚೆಲುವಿನ ಅಳತೆ ಪ್ರಕೃತಿಯ ಕಟ್ಟಳೆಯಾಗಿದ್ದರೆ ಹೀಗಾಗುತ್ತಿತ್ತೆ?

ಇಲ್ಲಿಗೆ ನನ್ನ ವಾದದಲ್ಲೇ ಇರುವ ಒಂದು ತೊಡಕನ್ನು ಎದುರಿಸಬೇಕು. 'ದಪ್ಪಗಿದ್ದರೂ ಪರವಾಗಿಲ್ಲ, ನಡುವಿದೆಯಲ್ಲ, ಬೆಲ್ಟು ಒಪ್ಪುತ್ತದೆ' ಎಂದು ಈಗ ಕೆಲವರು ಉದಾರವಾಗಿ ಹೇಳುತ್ತಾರೆ. ಕೇಳಲು ಹಿತವಾಗಿದೆ. ಆದರೆ ನಡುವಿಲ್ಲದ ದಪ್ಪ ಹೆಂಗಸಿನ ಗತಿಯೇನು? ಹೊಟ್ಟೆಯೇ ಮುಂದಾಗಿರುವವಳು, ಮೇಲಿಂದ ಕೆಳಗೆ ಒಂದೇ ಸಮ ಇರುವವಳು, ಶಸ್ತ್ರಚಿಕಿತ್ಸೆಯಾದ ಮೇಲೆ ಮೈ ಬೇರೆಯೇ ಆಕಾರಕ್ಕೆ ತಿರುಗಿದವಳು? ಮರಳುಗಡಿಯಾರದವರನ್ನು ಮಾತ್ರ ಕ್ಷಮಿಸಿ ಒಳಗೆ ಬಿಟ್ಟು, ಉಳಿದವರಿಗೆ ಬಾಗಿಲು ಹಾಕಿದರೆ, ದಪ್ಪದವರಲ್ಲೇ ಒಂದು ಮೇಲು, ಒಂದು ಕೀಳು ಹುಟ್ಟಿಸಿದಂತಾಯಿತು. ಆದ್ದರಿಂದ ನನ್ನ ಸೋದರಿಯ ಮಗಳ ಬೆಲ್ಟನ್ನು ನಾನು ಸಮರ್ಥಿಸುವಾಗ, ಅವಳ ನಡು ಸುಂದರವಾಗಿದೆ ಎಂಬ ಕಾರಣಕ್ಕೆ ಸಮರ್ಥಿಸಬಾರದು. ಅದು ಅವಳ ನಡು ಎಂಬ ಕಾರಣಕ್ಕೆ ಸಮರ್ಥಿಸಬೇಕು. ಒಪ್ಪುತ್ತದೆಯೋ ಇಲ್ಲವೋ ಎಂಬುದು ರುಚಿಯ ಮಾತು. ಅದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ. ಕಟ್ಟಿಕೊಳ್ಳಬಹುದೋ ಇಲ್ಲವೋ ಎಂಬುದರಲ್ಲಿ ಇಲ್ಲ.

ಅಂಗಡಿಗಳ ಮಾತನ್ನೂ ಹೇಳಿಬಿಡಬೇಕು. ಬೆಲ್ಟುಗಳ ಮೇಲೆ 'ಫ್ರೀ ಸೈಜ್' ಎಂದು ಬರೆದಿರುವುದುಂಟು. ಎಲ್ಲರಿಗೂ ಆಗುತ್ತದೆ ಎಂದು ಅದರ ಅರ್ಥ. ಕೊನೆಯ ತೂತಿಗೂ ಎರಡು ಅಂಗುಲ ದೂರದಲ್ಲಿ ಬಕಲ್ ನಿಂತುಬಿಟ್ಟಾಗ, ಆ 'ಎಲ್ಲರ' ಪಟ್ಟಿಯಲ್ಲಿ ತಾನಿಲ್ಲ ಎಂಬುದು ಕೊಳ್ಳುವವಳಿಗೆ ತಿಳಿಯುತ್ತದೆ. ಅಳತೆ ತೆಗೆಯುವ ಟೈಲರು ಅಂಕಿಗಳನ್ನು ಅಂಗಡಿಗೆಲ್ಲ ಕೇಳುವಂತೆ ಕೂಗಿ ಹೇಳುವುದನ್ನು ನಾನೇ ಹಲವು ಸಲ ನಿಂತು ಅನುಭವಿಸಿದ್ದೇನೆ. ಪಕ್ಕದವರು ತಿರುಗಿ ನೋಡುತ್ತಾರೆ, ಅಳತೆ ಕೊಡುವವಳು ಗೋಡೆಯ ಕ್ಯಾಲೆಂಡರು ನೋಡುತ್ತಾಳೆ. ಇವು ದೊಡ್ಡ ಅನ್ಯಾಯಗಳೇನಲ್ಲ. ಅಂಕಿಯನ್ನು ಮೆಲ್ಲಗೆ ಹೇಳಿದರೆ, ಬೆಲ್ಟಿಗೆ ಇನ್ನು ಅರ್ಧ ಗೇಣು ಉದ್ದ ಕೊಟ್ಟರೆ, ತೀರಿಹೋಗುತ್ತವೆ. ಇಷ್ಟು ಸುಲಭವಾಗಿ ತೀರುವುದನ್ನು ತೀರಿಸದೆ ಬಿಡುವುದೇ ಅದರ ದೋಷ.

ಹಾಗಾದರೆ ಒಳ್ಳೆಯ ಕಟ್ಟನ್ನೂ ಕೆಟ್ಟ ಕಟ್ಟನ್ನೂ ಗುರುತಿಸುವುದು ಹೇಗೆ? ನನಗೆ ತೋರುವ ಒರೆಗಲ್ಲು ಸರಳವಾದುದು. ಬಿಗಿಯುವ ಕೈ ಯಾರದು? ತೊಟ್ಟವಳದೇ ಆಗಿದ್ದು, ಬೇಕೆನಿಸಿದಾಗ ಒಂದು ತೂತು ಸಡಿಲಿಸಲು ಅವಳಿಗೆ ಸ್ವಾತಂತ್ರ್ಯವಿದ್ದರೆ ಅದು ಒಡವೆ. ಬೇರೆಯವರ ಕಣ್ಣು ಬಿಗಿದದ್ದಾದರೆ, ಚಿನ್ನದ್ದಾದರೂ ಶೃಂಖಲೆಯೇ. ಎಲೆಯ ಮುಂದೆ ಕುಳಿತು ಹೊಟ್ಟೆತುಂಬ ಉಣ್ಣಲು ಬಿಡದ ಬೆಲ್ಟನ್ನು ಯಾರೂ ಕಟ್ಟಿಕೊಳ್ಳಬೇಕಾಗಿಲ್ಲ. ನಾಳೆ ಬೇಡವೆನಿಸಿ, ಸಡಿಲವಾದ ಅಂಗಿಯನ್ನೇ ಇಳಿಬಿಟ್ಟುಕೊಂಡು ಹಾಯಾಗಿ ಓಡಾಡುತ್ತೇನೆಂದರೆ ಅದಕ್ಕೂ ಇಷ್ಟೇ ಮರ್ಯಾದೆ ಸಲ್ಲಬೇಕು.

ಉಳಿದದ್ದು ನೋಡುವವರ ಕರ್ತವ್ಯ. ಅದು ಬಹಳ ಚಿಕ್ಕದು. ಮದುವೆಯ ಮನೆಯ ಬಾಗಿಲಲ್ಲಿ ಅಂಥ ಹುಡುಗಿ ಎದುರಾದಾಗ, ಚೆನ್ನಾಗಿ ಕಂಡರೆ ಚೆನ್ನಾಗಿದೆ ಎನ್ನುವುದು, ಕಾಣದಿದ್ದರೆ, "ಊಟ ಆಯ್ತೇನಮ್ಮ?" ಎಂದು ಕೇಳಿ ಮುಂದೆ ಹೋಗುವುದು.